ಎಲ್ಲಿಗೆ ಎಂದು ಕೇಳಬಾರದು

ಗಿನ್ ಮಿಲ್ ರಸ್ತೆಯ ಹೊಸ ಶಾಲೆಯ ಕಕ್ಕಸಿನ ಮೇಲೆ ಮೊಟ್ಟಮೊದಲು ಕೂತವಳು ನಾನು. ಹೆಸರು ವರ್ಲೀನ್ ಸಗ್ಸ್. ವಯಸ್ಸು ಅರವತ್ತೊಂದು. ಇದನ್ನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ, ನಾಚಿಕೆಯಿಲ್ಲ.

ಅದು ಜೂನ್ ತಿಂಗಳು. ಕಟ್ಟಡ ಮುಗಿದಿತ್ತು, ಧೂಳು ಮುಗಿದಿರಲಿಲ್ಲ. ತೊಳೆಯುವ ಗುತ್ತಿಗೆಯವನು ನಮ್ಮ ವಠಾರದಿಂದ ಆರು ಜನ ಹೆಂಗಸರನ್ನು ಕರೆದುಕೊಂಡು ಹೋದ. ಹನ್ನೆರಡು ದಿನ ಮಂಡಿಯೂರಿ ನೆಲಕ್ಕಂಟಿದ ಸಿಮೆಂಟು ಕೆರೆದೆವು. ಬ್ಲೇಡು ಹಿಡಿದು ಕಿಟಕಿ ಗಾಜಿನ ಚೀಟಿ ಕಿತ್ತೆವು. ಕೋಳಿ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಮೂಳೆ ಬಿಡಿಸಿ ನನ್ನ ಮಣಿಕಟ್ಟು ಎರಡೂ ಕೆಟ್ಟಿವೆ. ಚಮಚ ಹಿಡಿದರೂ ನೋಯುತ್ತದೆ. ಆದರೂ ಕೆರೆದೆ. ಯಾಕೆಂದರೆ ನನ್ನ ಮೊಮ್ಮಗಳು ಕೆಜಾಯ ಆ ನೆಲದ ಮೇಲೆ ಓಡಾಡುತ್ತಾಳೆ ಎಂದುಕೊಂಡಿದ್ದೆ.

ಒಂದನೇ ತರಗತಿಯ ಕೋಣೆಯೊಳಗೇ ಕಕ್ಕಸು ಕಟ್ಟಿದ್ದರು. ಹಳದಿ ಬಾಗಿಲು. ಒಳಗೆ ಮೊಣಕಾಲೆತ್ತರದ ಪುಟಾಣಿ ಪೀಠ. ನನಗೆ ಸುಸ್ತಾಗಿತ್ತು. ಮೇಸ್ತ್ರಿ ಆಚೆ ಸಿಗರೇಟು ಸೇದುತ್ತಿದ್ದ. ಬಾಗಿಲು ಹಾಕಿಕೊಂಡು ಕೂತೆ. ಮಂಡಿ ಗದ್ದಕ್ಕೆ ಬಡಿಯಿತು. ಆರು ವರ್ಷದ ಕೆಜಾಯ ಇಲ್ಲಿ ಕೂತರೆ ಅವಳ ಕಾಲು ಸರಿಯಾಗಿ ನೆಲಕ್ಕೆ ತಾಗುತ್ತದೆ ಎಂದು ಅಂದಾಜು ಮಾಡಿದೆ. ಅಲ್ಲೇ ಕೂತು ಒಬ್ಬಳೇ ಖುಷಿಪಟ್ಟೆ. ಆಮೇಲೆ ಎದ್ದು ಅದನ್ನು ಇನ್ನೊಂದು ಸಲ ತೊಳೆದೆ.

ನಮ್ಮ ವಠಾರದ ಹೆಸರು ಡೋರಿಸ್ ಕೋರ್ಟ್. ಜಾಗದ ಮಾಲೀಕನ ಸತ್ತ ಹೆಂಡತಿಯ ಹೆಸರು ಅದು. ಮೂವತ್ತೊಂದು ಟ್ರೇಲರ್ ಮನೆಗಳು. ಎಲ್ಲಿಂದಲೋ ಎಳೆದು ತಂದು, ಗಾಲಿ ಕಿತ್ತು, ಇಟ್ಟಿಗೆಯ ಮೇಲೆ ಕೂರಿಸಿದ ತಗಡಿನ ಮನೆಗಳು. ನಮ್ಮಲ್ಲಿ ಕರಿಯರಿದ್ದೇವೆ, ಬಿಳಿಯರಿದ್ದಾರೆ, ಹೊಂಡುರಾಸಿನಿಂದ ಬಂದವರಿದ್ದಾರೆ. ಎಲ್ಲರ ಮೈಯಲ್ಲೂ ಒಂದೇ ಕೋಳಿಯ ವಾಸನೆ. ವಠಾರದ ಗೇಟಿನಿಂದ ರಸ್ತೆ ದಾಟಿ ಹೊಸ ಶಾಲೆಯ ಬಾಗಿಲಿಗೆ ನೂರ ತೊಂಬತ್ತು ಹೆಜ್ಜೆ. ನಾನು ಎಣಿಸಿದ್ದೇನೆ.

ಜುಲೈಯಲ್ಲಿ ಶಿಕ್ಷಣ ಮಂಡಳಿಯ ಸಭೆ ಕರೆದರು. ಯಾವ ಮನೆಯ ಮಕ್ಕಳು ಯಾವ ಶಾಲೆಗೆ ಎಂದು ಹೊಸದಾಗಿ ಗೆರೆ ಎಳೆಯುವ ಸಭೆ. ಗೋಡೆ ತುಂಬ ಒಂದು ನಕ್ಷೆ ನೇತುಹಾಕಿದ್ದರು. ನಾನೂ ಪಕ್ಕದ ಮನೆಯ ಎಲ್ವಿಯಾಳೂ ಹೋಗಿ ಹಿಂದಿನ ಸಾಲಿನಲ್ಲಿ ಕೂತೆವು. ಎಲ್ವಿಯಾ ರಾತ್ರಿ ಪಾಳಿ ಮುಗಿಸಿ ನಿದ್ದೆ ಬಿಟ್ಟು ಬಂದಿದ್ದಳು.

ನಕ್ಷೆಯ ಮೇಲೆ ಕೆಂಪು ಗೆರೆ ಗಿನ್ ಮಿಲ್ ರಸ್ತೆ ಹಿಡಿದು ನೆಟ್ಟಗೆ ಬಂದಿತ್ತು. ನಮ್ಮ ಬೇಲಿಯ ಹತ್ತಿರ ಬಂದಾಗ ಮಾತ್ರ, ಮೂಗು ಮುಚ್ಚಿಕೊಂಡು ಹೋಗುವವರ ಹಾಗೆ, ಬಳಸಿಕೊಂಡು ಹಿಂದಕ್ಕೆ ಹೋಗಿತ್ತು. ನಮ್ಮ ಬೆನ್ನಿಗೇ ಒಂದೂವರೆ ಮೈಲಿ ಆಚೆ ಫಾಕ್ಸ್ ರಿಜ್ ಎಂಬ ಹೊಸ ಬಡಾವಣೆ ಇದೆ. ಎರಡೆರಡು ಗ್ಯಾರೇಜಿನ ಮನೆಗಳು. ಅಲ್ಲಿ ನರಿಯನ್ನು ಕಂಡವರು ಯಾರೂ ಇಲ್ಲ. ಗೆರೆ ಅಲ್ಲಿಗೆ ಹೋಗಿ ಅವರನ್ನೆಲ್ಲ ತಬ್ಬಿಕೊಂಡು ವಾಪಸು ಬಂದಿತ್ತು. ನಮ್ಮ ಮಕ್ಕಳು ಮಾತ್ರ ಮೊದಲಿನ ಹಾಗೆ ಹತ್ತೊಂಬತ್ತು ಮೈಲಿ ದೂರದ ಪೆಂಡ್ರಿ ಶಾಲೆಗೇ ಹೋಗಬೇಕು.

ಮಂಡಳಿಯ ಅಧ್ಯಕ್ಷ ಟ್ರೆಂಟ್ ಆಲ್ಬ್ರಿಟನ್ ಎದ್ದು ಮಾತಾಡಿದ. ಅವನ ಮನೆಯೂ ಫಾಕ್ಸ್ ರಿಜ್‌ನಲ್ಲೇ. ಅವಳಿ ಮಕ್ಕಳು. ಮಾತು ಬೆಣ್ಣೆ.

"ಇದು ಮಕ್ಕಳ ಸುರಕ್ಷತೆ ವಿಷಯ. ಗಿನ್ ಮಿಲ್ ರಸ್ತೆ ಅಪಾಯದ ರಸ್ತೆ. ಡೋರಿಸ್ ಕೋರ್ಟಿನ ಮಕ್ಕಳು ಅದನ್ನ ನಡೆದು ದಾಟೋದು ನಮಗೆ ಇಷ್ಟ ಇಲ್ಲ. ಅದಕ್ಕೇ ಅವ್ರಿಗೆ ಬಸ್ಸು ಮುಂದುವರಿಸ್ತಾ ಇದೀವಿ."

ಫಾಕ್ಸ್ ರಿಜ್‌ನ ಒಬ್ಬ ತಾಯಿ ಎದ್ದಳು. "ಆ ಮಕ್ಕಳ ಮೇಲೆ ನಮಗೇನೂ ದ್ವೇಷ ಇಲ್ಲ. ಆದ್ರೆ ಅವು ಇವತ್ತು ಇರ್ತವೆ, ನಾಳೆ ಎಲ್ಲೋ ಹೋಗ್ತವೆ. ಇಲ್ಲೇ ನೆಲೆ ನಿಂತ ಮಕ್ಕಳಿಗೆ ಅದರಿಂದ ತೊಂದರೆ ಅಲ್ವಾ?"

ನಾನು ಡೋರಿಸ್ ಕೋರ್ಟಿಗೆ ಬಂದು ಹತ್ತೊಂಬತ್ತು ವರ್ಷ. ಆಕೆಯ ಮನೆಯ ಬಣ್ಣ ಇನ್ನೂ ಒಣಗಿರಲಿಲ್ಲ.

ನನ್ನ ಸರದಿ ಬಂತು. ಪ್ರತಿಯೊಬ್ಬರಿಗೂ ಮೂರು ನಿಮಿಷ. ಎದುರಿಗೊಂದು ದೀಪದ ಡಬ್ಬ, ಮೊದಲು ಹಸಿರು, ಆಮೇಲೆ ಹಳದಿ, ಆಮೇಲೆ ಕೆಂಪು. ನಾನು ಮೈಕು ಹಿಡಿದು ಹೇಳಿದೆ: "ನಮ್ಮ ಗೇಟಿಂದ ಆ ಶಾಲೆ ಬಾಗಿಲಿಗೆ ನೂರ ತೊಂಬತ್ತು ಹೆಜ್ಜೆ. ಆ ಶಾಲೆ ನೆಲ ತಿಕ್ಕಿದ್ದು ನಾವು. ಮಂಡಿ ಚರ್ಮ ಅಲ್ಲೇ ಬಿಟ್ಟು ಬಂದಿದೀವಿ. ನಮ್ಮ ಮಕ್ಕಳು ಇಪ್ಪತ್ಮೂರು ಜನ. ಅಲ್ಲಿ ನೂರೈವತ್ತು ಕುರ್ಚಿ ಖಾಲಿ ಉಳೀತವೆ. ಎಣಿಸಿದ್ದೂ ನಾನೇ, ಒರೆಸಿದ್ದೂ ನಾನೇ."

"ನಿಮ್ಮ ಸೇವೆಗೆ ನಾವೆಲ್ಲ ಕೃತಜ್ಞರು ಮೇಡಂ" ಎಂದ ಆಲ್ಬ್ರಿಟನ್. ಜನ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ಮುಗಿಯುವಷ್ಟರಲ್ಲಿ ದೀಪ ಕೆಂಪಾಯಿತು, ಮೈಕು ಸತ್ತಿತು. ಮಂಡಳಿಯ ಏಳಕ್ಕೆ ಏಳೂ ಜನ ಕೈ ಎತ್ತಿ ಗೆರೆಯನ್ನು ಪಾಸು ಮಾಡಿದರು. ಚಪ್ಪಾಳೆ ತಟ್ಟಿಸಿಕೊಂಡು ಹೊರಗೆ ಹಾಕಿಸಿಕೊಳ್ಳುವುದು ಬೈಸಿಕೊಂಡು ಹೊರಗೆ ಹಾಕಿಸಿಕೊಳ್ಳುವುದಕ್ಕಿಂತ ಕಷ್ಟ.

ಆಗಸ್ಟಿನಲ್ಲಿ ಶೆರಿಫ್ ಕಚೇರಿಯಿಂದ ಒಂದು ಜಾಹೀರಾತು ಬಂತು. ಶಾಲೆಯ ಮುಂದೆ ಮಕ್ಕಳಿಗೆ ರಸ್ತೆ ದಾಟಿಸಲು ಒಬ್ಬರು ಬೇಕು. ಬೆಳಿಗ್ಗೆ ಒಂದು ತಾಸು, ಮಧ್ಯಾಹ್ನ ಒಂದು ತಾಸು. ಮಳೆ ಬರಲಿ ಚಳಿ ಇರಲಿ ನಿಲ್ಲಬೇಕು. ದಾಟಿಸಬೇಕಾದ್ದು ಯಾರನ್ನು? ಫಾಕ್ಸ್ ರಿಜ್‌ನಿಂದ ನಡೆದು ಬರುವ ಹತ್ತು ಹನ್ನೆರಡು ಮಕ್ಕಳನ್ನು. ಅವರ ಕಾಲುದಾರಿ ರಸ್ತೆಗೆ ಬಂದು ಸೇರುವುದು ಎಲ್ಲಿ? ನಮ್ಮ ಗೇಟಿನಿಂದ ಆರು ಅಡಿ ಪಕ್ಕದಲ್ಲಿ. ಅದೇ ರಸ್ತೆ, ಅದೇ ಜಾಗ. ನಮ್ಮ ಮಕ್ಕಳಿಗೆ ಅಪಾಯ, ಅವರ ಮಕ್ಕಳಿಗೆ ಆಳು.

ಆ ಕೆಲಸಕ್ಕೆ ಯಾರೂ ಬರಲಿಲ್ಲ. ನಾನು ಅರ್ಜಿ ಹಾಕಿದೆ. ಎಲ್ವಿಯಾ ನನ್ನ ಮೇಲೆ ಹರಿಹಾಯ್ದಳು.

"ನಿಂಗೇನು ಮಾನ ಇಲ್ವಾ ಅಕ್ಕ? ಅವ್ರ ಮಕ್ಕಳ ಕೈ ಹಿಡ್ಕೊಂಡು ಹೋಗಿ ಒಳಗೆ ಬಿಟ್ಟು, ನಮ್ಮವು ಬಸ್ಸಿಗೆ ಕಾಯೋದನ್ನ ನಿಂತ್ಕೊಂಡು ನೋಡ್ತೀಯಾ?"

"ಮಾನ ಇದೆ ಕಣೇ. ಕರೆಂಟ್ ಬಿಲ್ಲೂ ಇದೆ" ಎಂದೆ. ನಿಜ ಹೇಳಬೇಕೆಂದರೆ, ಆಗ ನನ್ನ ತಲೆಯಲ್ಲಿ ಬೇರೆ ಏನೂ ಇರಲಿಲ್ಲ. ಮುಂದಾಗಿದ್ದನ್ನೆಲ್ಲ ನಾನು ಮೊದಲೇ ಯೋಚಿಸಿದ್ದೆ ಎಂದು ಈಗ ಜನ ಹೇಳುತ್ತಾರೆ. ಹೊಗಳಿಕೆ ಬಂದಾಗ ಬೇಡ ಎನ್ನುವ ಅಭ್ಯಾಸ ನನಗಿಲ್ಲ, ಆದರೆ ಅದು ಸುಳ್ಳು.

ಶೆರಿಫ್ ಕಚೇರಿಯ ಪೊಲೀಸು, ಡೆಪ್ಯುಟಿ ಪ್ರುಯಿಟ್ ಎಂಬ ಯುವಕ ಬಂದು ಅರ್ಧ ಗಂಟೆ ತರಬೇತಿ ಕೊಟ್ಟ. ಕಣ್ಣಿಗೆ ಹೊಡೆಯುವ ಹಸಿರು ಅಂಗಿ, 'ನಿಲ್ಲಿ' ಎಂದು ಬರೆದ ಕೆಂಪು ಫಲಕ, ಪ್ಲಾಸ್ಟಿಕ್ಕಿನೊಳಗೆ ಹಾಕಿದ ಒಂದು ಕಾಗದ. ಕಾಗದವನ್ನು ನನ್ನ ಕೈಯಲ್ಲೇ ಓದಿಸಿದ. ದಾಟಬೇಕು ಎಂದ ಯಾವ ಮಗುವನ್ನಾದರೂ ದಾಟಿಸಬೇಕು. ಎಲ್ಲಿಗೆ, ಯಾಕೆ ಎಂದು ಮಗುವನ್ನು ಕೇಳಬಾರದು. ಐದನೇ ತರಗತಿಯವರೆಗಿನ ಮಗುವನ್ನು ಕೈ ಹಿಡಿದೇ ದಾಟಿಸಬೇಕು. ಮಗುವಿನ ಕಾಲು ರಸ್ತೆಯ ಮೇಲಿರುವಾಗ ಯಾವ ಗಾಡಿಯೂ ಅಲ್ಲಾಡಕೂಡದು. ಮಗುವನ್ನು ಅವಸರಪಡಿಸಕೂಡದು.

"ಎಲ್ಲಿಗೆ ಅಂತ ಯಾಕೆ ಕೇಳ್ಬಾರ್ದು?" ಎಂದೆ.

"ಹಿಂದೆ ಒಬ್ಬಳು ಕೇಳಿದ್ಲು ಮಿಸ್ ವರ್ಲೀನ್. ಆ ಹುಡುಗಿ ಅಪ್ಪನ ಮನೆಯಿಂದ ಅಮ್ಮನ ಮನೆಗೆ ಹೋಗ್ತಿತ್ತಂತೆ. ಕೇಳಿದ್ದೇ ದೊಡ್ಡ ಕೇಸಾಗಿ ನ್ಯಾಯಾಲಯಕ್ಕೆ ಹೋಯ್ತು. ಅವತ್ತಿಂದ ಕೇಳೋ ಹಾಗಿಲ್ಲ. ಮಗು ಬಂತಾ, ದಾಟಿಸಿ. ಅಷ್ಟೇ."

ಶಾಲೆ ಶುರುವಾಯಿತು. ಏಳು ಗಂಟೆಗೆ ನಾನು ಮೂಲೆಯಲ್ಲಿ ನಿಲ್ಲುತ್ತಿದ್ದೆ. ಫಾಕ್ಸ್ ರಿಜ್‌ನ ಕಾರುಗಳು ಸಾಲು ಹಚ್ಚಿ ಬರುತ್ತಿದ್ದವು. ಒಂದು ಮಗು, ಒಂದು ತಾಯಿ, ಎಂಟು ಜನ ಕೂರುವ ಕಾರು. ಅದೇ ಮೂಲೆಯಲ್ಲಿ ನಮ್ಮ ಇಪ್ಪತ್ಮೂರು ಮಕ್ಕಳು ನಲವತ್ತೊಂದನೇ ನಂಬರಿನ ಬಸ್ಸಿಗೆ ಕಾಯುತ್ತಿದ್ದವು. ಏಳೂವರೆಗೆ ಬಸ್ಸು ಬಂದು ಅವರನ್ನು ತುಂಬಿಕೊಂಡು ಹೋಗುತ್ತಿತ್ತು. ಹಳ್ಳಿ ಹಳ್ಳಿ ಸುತ್ತಿ ಪೆಂಡ್ರಿ ಸೇರಲು ಐವತ್ತೈದು ನಿಮಿಷ.

ಎರಡನೇ ವಾರ ಕೆಜಾಯ ಬಸ್ಸಿನಲ್ಲಿ ಉಚ್ಚೆ ಮಾಡಿಕೊಂಡಳು. ಸಂಜೆ ಯಾವನೋ ಹುಡುಗ ಕಳೆದುಕೊಂಡಿದ್ದ ಪ್ಯಾಂಟು ಹಾಕಿಕೊಂಡು, ಸೊಂಟಕ್ಕೆ ದಾರ ಬಿಗಿದುಕೊಂಡು ಇಳಿದಳು. ಅವಳ ಬಟ್ಟೆ ಪ್ಲಾಸ್ಟಿಕ್ ಚೀಲದಲ್ಲಿತ್ತು. ಪೆಂಡ್ರಿ ಹುಡುಗರು ಅವಳಿಗೆ 'ಕೊಳಾಯಿ' ಎಂದು ಹೆಸರಿಟ್ಟಿದ್ದರು. ನನಗೆ ಅದನ್ನು ಅವಳು ಹೇಳಲಿಲ್ಲ, ಎಲ್ವಿಯಾಳ ಮಗ ದನೀಲೊ ಹೇಳಿದ.

ಮರುದಿನದಿಂದ ಕೆಜಾಯ ಬೆಳಗಿನ ಹಾಲು ಕುಡಿಯುವುದು ಬಿಟ್ಟಳು. ಕುಡಿದೆ ಎನ್ನುತ್ತಿದ್ದಳು. ಒಂದು ದಿನ ಹಿಂದಿನಿಂದ ಹೋಗಿ ನೋಡಿದರೆ ಸಿಂಕಿಗೆ ಸುರಿಯುತ್ತಿದ್ದಳು, ಸದ್ದಾಗಬಾರದೆಂದು ಲೋಟವನ್ನು ಗೋಡೆಗೆ ಒರಗಿಸಿಕೊಂಡು. ನೀರೂ ಬೇಡ. ಹಣ್ಣಿನ ರಸವೂ ಬೇಡ. ತುಟಿ ಒಡೆದಿತ್ತು. ಆರು ವರ್ಷದ ಮಗು ಬಾಯಾರಿಕೆ ತಡೆದುಕೊಳ್ಳುವುದನ್ನು ತಾನೇ ಕಲಿತಿತ್ತು. ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಅದಾದ ಸೋಮವಾರ. ಬಸ್ಸು ಇನ್ನೂ ಬಂದಿರಲಿಲ್ಲ. ಕೆಜಾಯ ಬಂದು ನನ್ನ ಹಸಿರು ಅಂಗಿ ಜಗ್ಗಿದಳು.

"ಅಜ್ಜಿ, ನನ್ನ ದಾಟಿಸು."

ಎಲ್ಲಿಗೆ ಎಂದು ಬಾಯಿಗೆ ಬಂದಿತ್ತು. ಕಾಗದ ನೆನಪಾಯಿತು. ಕೇಳಬಾರದು.

ಫಲಕ ಎತ್ತಿದೆ. ಎರಡೂ ಕಡೆ ಕಾರುಗಳು ನಿಂತವು. ಅವಳ ಕೈ ಹಿಡಿದು ದಾಟಿಸಿದೆ. ಆಚೆ ಹೋಗಿ ಶಾಲೆಯ ಬೇಲಿಯ ಮೇಲೆ ಬರೆದಿದ್ದ ಜೇನುಹುಳದ ಚಿತ್ರವನ್ನು ಮುಟ್ಟಿದಳು. ಸ್ವಲ್ಪ ಹೊತ್ತು ಕೈ ಅಲ್ಲೇ ಇಟ್ಟಳು. ಆಮೇಲೆ ತಿರುಗಿ, "ಈಗ ವಾಪಸ್ ದಾಟಿಸು" ಎಂದಳು. ಮತ್ತೆ ಫಲಕ ಎತ್ತಿದೆ. ಮತ್ತೆ ಕಾರುಗಳು ನಿಂತವು.

ಈಚೆ ಬಂದರೆ ದನೀಲೊ ಕೈ ಚಾಚಿ ನಿಂತಿದ್ದ. "ನನ್ನೂ ದಾಟಿಸಿ. ಹುಳ ಮುಟ್ಬೇಕು." ಅವನ ಹಿಂದೆ ಇನ್ನೊಂದು ಮಗು. ಅದರ ಹಿಂದೆ ಮತ್ತೊಂದು. ಅವತ್ತು ಬಸ್ಸು ಬರುವಷ್ಟರಲ್ಲಿ ಒಂಬತ್ತು ಮಕ್ಕಳು ಹೋಗಿ ಹುಳ ಮುಟ್ಟಿ ಬಂದವು. ಕಾರಿನ ಸಾಲು ಪೆಟ್ರೋಲ್ ಬಂಕಿನವರೆಗೆ ಹೋಗಿತ್ತು.

ಗೇಟಿನ ಪಕ್ಕದ ಮೊದಲ ಮನೆ ಡಾಯ್ಲ್ ಹ್ಯಾಗ್ಲರನದು. ಬಿಳಿಯ ಮುದುಕ, ಮೂಗಿಗೆ ಆಮ್ಲಜನಕದ ಕೊಳವೆ. ಒಂದು ಕಾಲಕ್ಕೆ ಟ್ರೇಲರ್ ಮನೆಗಳನ್ನು ಲಾರಿಗೆ ಕಟ್ಟಿ ಎಳೆಯುತ್ತಿದ್ದವನು. ಹೆದ್ದಾರಿಯಲ್ಲಿ ಅರ್ಧ ಮನೆ ಎಳೆದುಕೊಂಡು ಹೋಗುವಾಗ ಹಿಂದೆ ಎಷ್ಟು ಕಾರು ಸಿಕ್ಕಿಕೊಳ್ಳುತ್ತವೆ ಎಂದು ಅವನಿಗೆ ಗೊತ್ತು. ಅವನು ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಎಲ್ಲವನ್ನೂ ನೋಡಿದ್ದ. ಸಂಜೆ ನನ್ನನ್ನು ಕರೆದ.

"ವರ್ಲೀನ್, ಒಂದು ಮಗುಗೆ ಎಷ್ಟು ಹೊತ್ತು ಬೇಕು ಗೊತ್ತಾ? ಹೋಗೋಕೆ ಅರ್ಧ ನಿಮಿಷ, ಬರೋಕೆ ಅರ್ಧ ನಿಮಿಷ. ಇಪ್ಪತ್ಮೂರು ಮಕ್ಕಳೂ ಹೋಗಿ ಬಂದ್ರೆ ಇಪ್ಪತ್ಮೂರು ನಿಮಿಷ. ಅಷ್ಟೊತ್ತಿಗೆ ಶಾಲೆ ಗಂಟೆ ಹೊಡ್ದಿರತ್ತೆ."

"ಎಲ್ಲಾರನ್ನೂ ಒಟ್ಟಿಗೆ ದಾಟಿಸ್ಬಹುದಲ್ಲ" ಎಂದಳು ನನ್ನ ಜೊತೆ ಬಂದಿದ್ದ ಎಲ್ವಿಯಾ.

"ಕೈ ಹಿಡಿದೇ ದಾಟಿಸ್ಬೇಕು ಅಂತ ಬರ್ದಿದೆ" ಎಂದೆ. "ಒಂದು ಕೈಲಿ ಫಲಕ. ನನಗಿರೋದು ಎರಡೇ ಕೈ ಕಣೇ."

ಮೂವರೂ ಒಬ್ಬರ ಮುಖ ಒಬ್ಬರು ನೋಡಿದೆವು. ಡಾಯ್ಲ್ ನಗಲು ಹೋಗಿ ಕೆಮ್ಮಿದ. ಕೊಳವೆ ಸರಿಮಾಡಿಕೊಂಡು ಮತ್ತೆ ನಕ್ಕ.

ಮರುದಿನ ಏಳಕ್ಕೇ ಇಪ್ಪತ್ಮೂರು ಮಕ್ಕಳೂ ಸಾಲಾಗಿ ನಿಂತಿದ್ದವು. ನಾನು ಯಾರನ್ನೂ ಏನೂ ಕೇಳಲಿಲ್ಲ. ಫಾಕ್ಸ್ ರಿಜ್ ಮಕ್ಕಳು ಬಂದರೆ ಅವರನ್ನೂ ಸಾಲಿನಲ್ಲಿ ಸೇರಿಸಿ ಕೈ ಹಿಡಿದು ದಾಟಿಸಿದೆ, ಭೇದ ಮಾಡಲಿಲ್ಲ. ಒಂದು ಮಗು ರಸ್ತೆಯ ನಡುವೆ ಬೂಟಿನ ದಾರ ಬಿಚ್ಚಿಹೋಗಿದೆ ಎಂದು ಕೂತಿತು. ಅವಸರಪಡಿಸಬಾರದು. ಇನ್ನೊಂದಕ್ಕೆ ಒಂದು ಕಂಬಳಿಹುಳ ಸಿಕ್ಕಿತು, ಅದರ ಕಾಲು ಎಣಿಸಬೇಕಾಗಿತ್ತು. ಎಣಿಸಲಿ, ಶಾಲೆಗೆ ಹೋಗುವ ಮಗು ಲೆಕ್ಕ ಕಲಿಯಬೇಕು. ಒಂದೊಂದು ಸಲ ದಾಟಿಸಿದ ಮೇಲೂ ಎರಡು ಕಾರು ಬಿಡುತ್ತಿದ್ದೆ. ನಾನೇನು ರಾಕ್ಷಸಿಯಲ್ಲ.

ಮೊದಲ ವಾರ ಹಾರ್ನು ಹೊಡೆದರು. ಎರಡನೇ ವಾರ ಕಿಟಕಿ ಇಳಿಸಿ ಬೈದರು. ಸಭೆಯಲ್ಲಿ ಎದ್ದು ಮಾತಾಡಿದ್ದ ಆ ತಾಯಿ ಕೇಳಿದಳು: "ಈ ಮಕ್ಕಳಿಗೆ ತಲೆ ಕೆಟ್ಟಿದ್ಯಾ? ಹೋಗ್ತವೆ, ಬರ್ತವೆ, ಹೋಗ್ತವೆ, ಬರ್ತವೆ."

"ನೀವೇ ಸಭೇಲಿ ಹೇಳಿದ್ರಲ್ಲ ತಾಯಿ, ಇವತ್ತು ಇರ್ತವೆ, ನಾಳೆ ಹೋಗ್ತವೆ ಅಂತ. ಅಭ್ಯಾಸ ಮಾಡ್ಕೊಳ್ತಿವೆ" ಎಂದೆ. ಆಕೆ ಕಿಟಕಿ ಏರಿಸಿದಳು.

ಶಾಲೆಯಲ್ಲಿ ದಿನಾ ನೂರಕ್ಕೂ ಹೆಚ್ಚು ಮಕ್ಕಳು ತಡವಾಗಿ ಬರತೊಡಗಿದರು. ಶಿಕ್ಷಕರೂ ಅದೇ ಸಾಲಿನಲ್ಲಿ ಸಿಕ್ಕಿಕೊಳ್ಳುತ್ತಿದ್ದರು. ಡೆಪ್ಯುಟಿ ಪ್ರುಯಿಟ್ ದೂರು ವಿಚಾರಿಸಲು ಬಂದ. ಹತ್ತು ನಿಮಿಷ ನಿಂತು ನೋಡಿದ. ಕಾಗದ ತೆಗೆದು ಓದಿದ. ತಲೆ ಕೆರೆದುಕೊಂಡ.

"ಇದ್ರಲ್ಲಿ ತಪ್ಪು ಯಾವ್ದು ಅಂತ ನಂಗೆ ಗೊತ್ತಾಗ್ತಿಲ್ಲ ಮಿಸ್ ವರ್ಲೀನ್."

"ನಂಗೂ ಗೊತ್ತಾಗ್ತಿಲ್ಲ ಮಗಾ. ನೀನೇ ಕಲಿಸಿದ್ದು."

ಮೂರನೇ ವಾರ ಆಲ್ಬ್ರಿಟನ್ ಕಾರು ಅಲ್ಲೇ ಬಿಟ್ಟು ಇಳಿದು ಬಂದ. ಹಿಂದಿನ ಸೀಟಿನಲ್ಲಿ ಅವನ ಅವಳಿಗಳು ಕುತ್ತಿಗೆ ಉದ್ದ ಮಾಡಿ ನೋಡುತ್ತಿದ್ದವು.

"ಈ ಮಕ್ಕಳು ಈ ಶಾಲೆಯವಲ್ಲ" ಎಂದ.

"ಯಾವ ಶಾಲೆಯವು ಅಂತ ನಾನು ಕೇಳೋ ಹಾಗಿಲ್ಲ ಸಾರ್."

"ಇದು ಅಪಾಯದ ರಸ್ತೆ ಕಣಮ್ಮ. ಇಲ್ಲಿ ಆಟ ಆಡ್ತಿದೀರಾ?"

"ಅಪಾಯದ ರಸ್ತೆ ಅಂತ ನೀವು ಹೇಳಿದ್ದಕ್ಕೇ ಇಷ್ಟು ನಿಧಾನ. ಮೂರು ವಾರದಲ್ಲಿ ಆರುನೂರು ಸಲ ದಾಟಿಸಿದೀನಿ. ಒಂದು ಮಗುವಿನ ಬೂಟೂ ಕಳೆದಿಲ್ಲ. ನಿಮ್ಮ ಕಾರು ಸ್ವಲ್ಪ ಹಿಂದಕ್ಕೆ ತಗೊಳಿ, ಕೆಂಪಂಗಿ ಹಾಕಿರೋ ಹುಡುಗಿ ದಾಟ್ಬೇಕಂತೆ."

ಅವನ ಕಿವಿ ಕೆಂಪಾಯಿತು. ಆದರೆ ಮಂಡಳಿಯ ಅಧ್ಯಕ್ಷನಾಗುವವನು ದಡ್ಡನಾಗಿರುವುದಿಲ್ಲ. ಎರಡು ದಿನ ಬಿಟ್ಟು ಸಂಜೆ ಆರಕ್ಕೆ ನಮ್ಮ ಮನೆಯ ಮೆಟ್ಟಿಲ ಹತ್ತಿರ ಬಂದು ನಿಂತ. ಕೈಯಲ್ಲಿ ಒಂದು ಅರ್ಜಿ, ಜೇಬಿನಲ್ಲಿ ಪೆನ್ನು. ಅರ್ಜಿಯಲ್ಲಿ ಕೆಜಾಯಳ ಹೆಸರನ್ನು ಆಗಲೇ ಟೈಪು ಮಾಡಿಸಿದ್ದ.

"ವಿಶೇಷ ಅನುಮತಿ. ನಿಮ್ಮ ಮೊಮ್ಮಗಳು ಸೋಮವಾರದಿಂದ ಹೊಸ ಶಾಲೆಗೆ ಬರ್ಬಹುದು. ಆ ಬಸ್ಸಿನ ವಿಷಯ ನಾನೂ ಕೇಳ್ದೆ, ಬೇಜಾರಾಯ್ತು. ನೀವು ಈ ಹುಳ ಮುಟ್ಟೋ ಆಟ ನಿಲ್ಲಿಸ್ಬಿಡಿ. ಇಲ್ಲೊಂದು ಸಹಿ."

ಸುಳ್ಳು ಹೇಳುವುದಿಲ್ಲ, ನನ್ನ ಕೈ ಪೆನ್ನಿಗೆ ಹೋಯಿತು. ಹಿಂದೆ ಕಿಟಕಿಯ ಜಾಲರಿಗೆ ಕೆಜಾಯ ಮೂಗು ಒತ್ತಿಕೊಂಡು ನಿಂತಿದ್ದಳು. ಅವಳ ಒಡೆದ ತುಟಿ ನನಗೆ ನೋಡದೆಯೂ ಕಾಣುತ್ತಿತ್ತು. ಹಾಳಾಗಿ ಹೋಗಲಿ ಇಪ್ಪತ್ತೆರಡು, ನನ್ನದೊಂದು ಬದುಕಲಿ ಎಂದು ಒಂದು ಕ್ಷಣ ಅನಿಸಿತು. ಅದೇ ಹೊತ್ತಿಗೆ ಎಲ್ವಿಯಾ ಪಾಳಿಗೆ ಹೊರಟವಳು ದನೀಲೊನ ತಲೆ ಬಾಚುತ್ತ ತನ್ನ ಮೆಟ್ಟಿಲ ಮೇಲೆ ಕೂತಿದ್ದಳು. ಅವಳು ಇತ್ತ ನೋಡಲಿಲ್ಲ. ಬೇಕೆಂದೇ ನೋಡಲಿಲ್ಲ.

"ಪೆನ್ನು ತಂದಿದೀರಿ" ಎಂದೆ. "ಇನ್ನಿಪ್ಪತ್ತೆರಡು ಕಾಗದ ಮರ್ತು ಬಂದಿದೀರಿ."

"ಹಾಗೆಲ್ಲ ಆಗಲ್ಲ ಮೇಡಂ."

"ಹಾಗಾದ್ರೆ ಹೀಗೂ ಆಗಲ್ಲ."

"ಒಂದು ಮಗೂಗೆ ಒಳ್ಳೇದಾಗೋದನ್ನ ತಪ್ಪಿಸ್ತಿದೀರಿ, ಯೋಚ್ನೆ ಮಾಡಿ."

"ನೀವು ಇಪ್ಪತ್ಮೂರಕ್ಕೆ ತಪ್ಪಿಸಿದೀರಿ. ನಿಮ್ಗಿಂತ ನಾನು ವಾಸಿ."

ಅರ್ಜಿಯನ್ನು ನಾಲ್ಕಾಗಿ ಮಡಚಿ ಅವನ ಜೇಬಿಗೇ ಇಟ್ಟೆ. ಮಣಿಕಟ್ಟು ನೋಯುತ್ತಿತ್ತು.

ಒಳಗೆ ಹೋದರೆ ಕೆಜಾಯ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. "ನೀನು ಸಹಿ ಮಾಡ್ಬೇಕಿತ್ತು" ಎಂದಳು. ನನ್ನನ್ನು ಕೊಂಡಾಡಲಿಲ್ಲ, ಅರ್ಥ ಮಾಡಿಕೊಳ್ಳಲೂ ಇಲ್ಲ. ಗೋಡೆಗೆ ತಿರುಗಿ ಮಲಗಿದಳು. ಗ್ರಿಟ್ಸ್ ಗಂಜಿಗೆ ಬೆಣ್ಣೆ ಹಾಕಿ ಕೊಟ್ಟರೂ ಮುಟ್ಟಲಿಲ್ಲ. ಅವಳು ಹೇಳಿದ್ದು ತಪ್ಪೇನೂ ಅಲ್ಲ.

ಶುಕ್ರವಾರ ಪ್ರುಯಿಟ್ ಒಂದು ಪತ್ರ ತಂದ. ಸಂಚಾರಕ್ಕೆ ಅಡ್ಡಿಯಾದ ಕಾರಣ ನನ್ನನ್ನು ಕೆಲಸದಿಂದ ತೆಗೆಯಲಾಗಿದೆ. ಹಸಿರು ಅಂಗಿ, ಫಲಕ, ಕಾಗದ ವಾಪಸು ಕೊಡಬೇಕು. ಕೊಟ್ಟೆ.

"ನನ್ನ ಜಾಗಕ್ಕೆ ಯಾರು?"

"ಯಾರೂ ಸಿಗ್ಲಿಲ್ಲ. ಸೋಮವಾರದಿಂದ ನಾನೇ ನಿಲ್ಬೇಕಂತೆ." ಅವನು ಪ್ಲಾಸ್ಟಿಕ್ಕಿನೊಳಗಿನ ಕಾಗದವನ್ನು ಅತ್ತಿತ್ತ ತಿರುಗಿಸಿದ. "ಕಾಗದ ಮಾತ್ರ ಇದೇ. ಬದಲಾಯ್ಸೋಕೆ ಅವ್ರು ಮರ್ತಿದಾರೆ."

"ನೀನು ನೆನಪಿಸ್ಲಿಲ್ವಾ?"

"ನನ್ನ ಕೆಲಸ ಅದಲ್ಲ ಮಿಸ್ ವರ್ಲೀನ್" ಎಂದು ಟೋಪಿ ಹಾಕಿಕೊಂಡು ಹೋದ.

ಶನಿವಾರ ಡಾಯ್ಲ್‌ನ ಅಂಗಳದಲ್ಲಿ ವಠಾರವೆಲ್ಲ ಸೇರಿತು. ಇಷ್ಟು ದಿನ ಮಕ್ಕಳು ಹೋಗಿ ಬರುತ್ತಿದ್ದವು, ಇನ್ನು ವಾಪಸು ಬರುವುದು ಬೇಡ, ಅಲ್ಲೇ ಉಳಿಯಲಿ ಎಂದೆ. ಬಹಳ ಮಾತಾಯಿತು. ಕೆಲಸ ಹೋದೀತು, ಪೊಲೀಸರು ಬಂದಾರು, ಕಾಗದಪತ್ರ ಇಲ್ಲದವರ ಗತಿ ಏನು ಎಂದರು. ಭಯ ಎಲ್ಲರಿಗೂ ಇತ್ತು, ನನಗೂ ಇತ್ತು. ಕೊನೆಗೆ ಎಲ್ವಿಯಾ ಹೇಳಿದಳು: "ನಾವು ದಾಟೋದು ಬೇಡ. ಮಕ್ಕಳು ದಾಟ್ಲಿ. ಮಕ್ಕಳನ್ನ ಯಾರೂ ಕೇಳೋ ಹಾಗಿಲ್ಲ ಅಲ್ವಾ?"

ಸೋಮವಾರ ಏಳು ಗಂಟೆ. ಪ್ರುಯಿಟ್ ಫಲಕ ಹಿಡಿದು ನಿಂತಿದ್ದ. ಹಸಿರು ಅಂಗಿ ಅವನಿಗೆ ಬಿಗಿಯಾಗಿತ್ತು. ಇಪ್ಪತ್ಮೂರು ಮಕ್ಕಳು, ಇಪ್ಪತ್ಮೂರು ಚೀಲ, ತಲೆ ಬಾಚಿ, ಮುಖ ತೊಳೆದು. ಅವನು ಒಬ್ಬೊಬ್ಬರ ಕೈ ಹಿಡಿದು ದಾಟಿಸಿದ. ಒಂದು ಹೋಯಿತು, ಬರಲಿಲ್ಲ. ಎರಡನೆಯದು ಹೋಯಿತು, ಬರಲಿಲ್ಲ. ಕೆಜಾಯ ನನ್ನ ಮೇಲಿನ ಕೋಪ ಇನ್ನೂ ಬಿಟ್ಟಿರಲಿಲ್ಲ, ನನ್ನನ್ನು ನೋಡದೆ ಅವನ ಕೈ ಹಿಡಿದು ಹೋದಳು. ಅವಳೂ ಬರಲಿಲ್ಲ. ನಲವತ್ತೊಂದನೇ ಬಸ್ಸು ಬಂದು ಬಾಗಿಲು ತೆರೆದುಕೊಂಡು ಖಾಲಿ ನಿಂತಿತು.

ಇಪ್ಪತ್ಮೂರನೆಯದನ್ನು ದಾಟಿಸಿದ ಮೇಲೆ ಪ್ರುಯಿಟ್ ಆಚೆ ಬದಿಯಲ್ಲಿ ಸ್ವಲ್ಪ ಹೊತ್ತು ಕಾದ. "ವಾಪಸ್ ಯಾರು ದಾಟ್ತೀರಾ?" ಎಂದ. ಮಕ್ಕಳೆಲ್ಲ ತಮ್ಮ ತಮ್ಮ ಬೂಟು ನೋಡಿಕೊಂಡವು. "ಎಲ್ಲಿಗೆ ಹೋಗ್ತೀರಿ ಅಂತ ನಾನು ಕೇಳೋ ಹಾಗಿಲ್ಲ" ಎಂದು ತನಗೇ ಹೇಳಿಕೊಂಡ.

ಮಕ್ಕಳು ಸಾಲಾಗಿ ಶಾಲೆಯ ಅಂಗಳಕ್ಕೆ ನಡೆದವು. ಆಲ್ಬ್ರಿಟನ್ ಕಾರಿನಿಂದ ಇಳಿದು ಓಡಿದ. ನಾನೂ ರಸ್ತೆ ದಾಟಿದೆ. ಭಯಪಟ್ಟು ಸಾಯುವ ವಯಸ್ಸು ನನ್ನದಲ್ಲ ಎಂದುಕೊಂಡೆ. ಬಾಗಿಲಲ್ಲಿ ಮುಖ್ಯೋಪಾಧ್ಯಾಯಿನಿ ಡಾಕ್ಟರ್ ಸ್ಟ್ರೌಡ್ ನಿಂತಿದ್ದಳು. ಸಣಕಲು ಹೆಂಗಸು, ಕುತ್ತಿಗೆಯಲ್ಲಿ ಸೀಟಿ.

"ಇವ್ರನ್ನ ವಾಪಸ್ ಕಳ್ಸಿ" ಎಂದ ಆಲ್ಬ್ರಿಟನ್.

ಡಾಕ್ಟರ್ ಸ್ಟ್ರೌಡ್ ಇಪ್ಪತ್ಮೂರು ಮುಖಗಳನ್ನೂ ಒಂದೊಂದಾಗಿ ನೋಡಿದಳು.

"ಕಳ್ಸೋಕಾಗಲ್ಲ ಸರ್. ಇದು ಅಪಾಯದ ರಸ್ತೆ ಅಂತ ಮಂಡಳಿ ಬರೆದುಕೊಟ್ಟಿದೆ. ಅಪಾಯದ ರಸ್ತೆ ಪಕ್ಕದ ಶಾಲೆಯ ಅಂಗಳಕ್ಕೆ ಮಗು ಕಾಲಿಟ್ರೆ, ಶಾಲೆ ಬಿಡೋವರೆಗೆ ಆಚೆ ಬಿಡಬಾರದು ಅಂತಾನೂ ಬರೆದುಕೊಟ್ಟಿದೆ. ಸಹಿ ನಿಮ್ಮದೇ."

"ಬಸ್ಸು ಒಳಗೆ ಕರ್ಸಿ."

"ಎಲ್ಲಿಂದ ಬರತ್ತೆ? ನಿಮ್ಮ ಕಾರು ದಾರಿಗೆ ಅಡ್ಡ ನಿಂತಿದೆ."

ಮಾಡಿದ್ದುಣ್ಣೋ ಮಹರಾಯ ಎಂದು ನಾನು ಬಾಯಿಬಿಟ್ಟು ಹೇಳಲಿಲ್ಲ. ಮುಖದಲ್ಲಿ ಕಂಡಿರಬಹುದು.

"ಮಕ್ಕಳೇ" ಎಂದಳು ಡಾಕ್ಟರ್ ಸ್ಟ್ರೌಡ್, "ಊಟದ ಮನೇಲಿ ಗ್ರಿಟ್ಸ್ ಇದೆ, ಮೊಟ್ಟೆ ಇದೆ. ಸಾಲಾಗಿ ಬನ್ನಿ."

ನಕ್ಷೆ ಬದಲಾದದ್ದು ನವೆಂಬರಿನಲ್ಲಿ. ಅದರ ಮಧ್ಯೆ ಸಭೆ, ವಕೀಲರು, ಪತ್ರಿಕೆಯವರು, ಬೈಗುಳ ಎಲ್ಲ ಆಯಿತು. ನನಗೆ ಆ ಕೆಲಸ ವಾಪಸು ಸಿಗಲಿಲ್ಲ. ಮಂಡಳಿಯವರು 'ಅಪಾಯದ ರಸ್ತೆ' ಎಂಬ ಮಾತು ಹೊಡೆದುಹಾಕಿ, ಗೆರೆಯನ್ನು ನಮ್ಮ ಬೇಲಿಯ ಆಚೆಗೆ ಉಬ್ಬಿಸಿ, ನಮ್ಮನ್ನೂ ಒಳಗೆ ಸೇರಿಸಿ ಎಳೆದರು. ಇದಕ್ಕೆಲ್ಲ ಪ್ರಯತ್ನಪಟ್ಟಿದ್ದು ತಾನೇ ಎಂದು ಆಲ್ಬ್ರಿಟನ್ ಭಾಷಣ ಮಾಡಿದ. ಮಾಡಲಿ.

ಆದರೆ ನಾನು ಹೇಳಹೊರಟಿದ್ದು ಆ ಸೋಮವಾರದ ವಿಷಯ. ಮಕ್ಕಳೆಲ್ಲ ಊಟದ ಮನೆಗೆ ಹೋದವು. ಕೆಜಾಯ ಮಾತ್ರ ಹಿಂದುಳಿದು ನನ್ನ ಹತ್ತಿರ ಬಂದಳು.

"ಇಲ್ಲಿ ಕಕ್ಕಸು ಎಲ್ಲಿದೆ?"

ಒಂದನೇ ತರಗತಿಯ ಹಳದಿ ಬಾಗಿಲು ತೋರಿಸಿದೆ. ಹೋದಳು. ಬಾಗಿಲು ಹಾಕಿಕೊಂಡಳು. ನಾನು ಹೊರಗೆ ಕಾದೆ. ಬಹಳ ಹೊತ್ತಾಯಿತು. ನೀರಿನ ಸದ್ದಿಲ್ಲ. ಮತ್ತೆ ಏನಾಯಿತೋ ಎಂದು ಹೆದರಿ ಬಾಗಿಲು ಬಡಿದೆ. ಹೊರಗೆ ಬಂದಳು. ಬಟ್ಟೆ ಒಣಗಿಯೇ ಇತ್ತು.

"ಬಂದಿರ್ಲಿಲ್ಲ" ಎಂದಳು. "ಸುಮ್ನೆ ಕೂತಿದ್ದೆ. ಕಾಲು ನೆಲಕ್ಕೆ ತಾಗತ್ತೆ ಅಜ್ಜಿ."

ಆಮೇಲೆ ಊಟದ ಮನೆಗೆ ಹೋಗಿ, ಹಾಲಿನ ಡಬ್ಬ ತೆರೆದು ನಿಂತಲ್ಲೇ ಕುಡಿದಳು. ಪೂರ್ತಿ ಕುಡಿದಳು. ಬಡಿಸುವ ಹೆಂಗಸಿನ ಮುಂದೆ ಖಾಲಿ ಡಬ್ಬ ಇಟ್ಟು, ಇನ್ನೊಂದು ಕೊಡಿ ಎಂದು ಕೈ ಚಾಚಿದಳು.